ಎಲೆ ನೋಡುವ ಮೊದಲೇ ಇಟ್ಟ ಪಣ

ಯುಗಾದಿಗೋ ದೀಪಾವಳಿಗೋ ಮೂರೆಲೆ ಆಡುವವರಿಗೆ ‘ಬ್ಲೈಂಡ್’ ಎಂಬ ಮಾತು ಹೊಸದಲ್ಲ. ತನ್ನ ಎಲೆಗಳನ್ನು ತಿರುಗಿಸಿ ನೋಡದೆ ಹಣ ಹಾಕುವವನು ಬ್ಲೈಂಡ್ ಆಡುತ್ತಾನೆ. ಅದು ಅವನ ಇಷ್ಟ, ಅವನ ಗತ್ತು. ಮೂರೆಲೆಯ ಮೂಲ ಇಂಗ್ಲೆಂಡಿನ ‘ಬ್ರ್ಯಾಗ್’ ಎಂಬ ಹಳೆಯ ಆಟ. ಅದಕ್ಕೆ ದೂರದ ನೆಂಟನಾದ ಅಮೆರಿಕದ ಪೋಕರ್‌ನಲ್ಲೂ ಬ್ಲೈಂಡ್ ಇದೆ. ಆದರೆ ಅಲ್ಲಿ ಅದು ಇಷ್ಟದ ಮಾತಲ್ಲ. ಸರದಿಯ ಮೇಲೆ ಎಲ್ಲರೂ ತೆರಲೇಬೇಕಾದ ಸುಂಕ. ಹೀಗೆ ತೆತ್ತ ಹಣವನ್ನು ಉಳಿಸಿಕೊಳ್ಳಲು ಸಾಧಾರಣ ಎಲೆ ಹಿಡಿದು ಎಷ್ಟು ದೂರ ಹೋಗಬಹುದು? ಈ ಸಣ್ಣ ಪ್ರಶ್ನೆಗೆ ಪೂರ್ಣ ಉತ್ತರ ದೊರೆಯಲು 2015ರವರೆಗೆ ಕಾಯಬೇಕಾಯಿತು.

ಇಂದು ಜಗತ್ತಿನಲ್ಲಿ ಅತಿ ಜನಪ್ರಿಯವಾದ ಪೋಕರ್ ಬಗೆ ಟೆಕ್ಸಾಸ್ ಹೋಲ್ಡೆಮ್. ಟೆಕ್ಸಾಸ್‌ನ ರಾಬ್ಸ್‌ಟೌನ್ ಎಂಬ ಚಿಕ್ಕ ಊರೇ ಅದರ ತವರು ಎಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಗೊತ್ತುವಳಿ ಮಾಡಿದೆ. 1960ರ ದಶಕದಲ್ಲಿ ಟೆಕ್ಸಾಸ್‌ನ ಜೂಜುಗಾರರು ಅದನ್ನು ಲಾಸ್ ವೇಗಸ್‌ಗೆ ತಂದರು. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡೆಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದೆಲೆ. ಈ ಏಳರಲ್ಲಿ ಅತ್ಯುತ್ತಮ ಐದನ್ನು ಕೂಡಿಸಿದವನಿಗೆ ನಡುವಿನ ಹಣವೆಲ್ಲ ಸಲ್ಲುತ್ತದೆ. ‘ಲಿಮಿಟ್’ ಬಗೆಯಲ್ಲಿ ಒಮ್ಮೆಗೆ ಎಷ್ಟು ಪಣ ಏರಿಸಬಹುದು ಎಂಬುದು ಮೊದಲೇ ನಿಗದಿ. ಮನೆಮಠ ಒಂದೇ ಏಟಿಗೆ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ.

ಬ್ಲೈಂಡ್ ಏಕೆ ಬೇಕು? ಕಡ್ಡಾಯದ ಹಣ ಇಲ್ಲದಿದ್ದರೆ ಜಾಣರೆಲ್ಲ ಜೋಡಿ ಎಕ್ಕ ಬರುವವರೆಗೆ ಕೈಕಟ್ಟಿ ಕೂರುತ್ತಿದ್ದರು. ಅದು ಬರುವುದು 221 ಬಾರಿಗೊಮ್ಮೆ. ಆಟವೇ ನಿಂತುಹೋಗುತ್ತಿತ್ತು. ಆದ್ದರಿಂದ ಎಲೆ ಹಂಚುವವನ ಎಡಕ್ಕಿರುವ ಇಬ್ಬರು ಎಲೆ ನೋಡುವ ಮೊದಲೇ ಹಣ ಇಡುತ್ತಾರೆ. 10–20 ಡಾಲರ್‌ಗಳ ಮೇಜಿನಲ್ಲಿ ಮೊದಲನೆಯವನ ‘ಸಣ್ಣ ಬ್ಲೈಂಡ್’ ಸಾಮಾನ್ಯವಾಗಿ 5, ಎರಡನೆಯವನ ‘ದೊಡ್ಡ ಬ್ಲೈಂಡ್’ 10. ಮುಂದಿನ ಆಟಕ್ಕೆ ಸರದಿ ಒಂದು ಸ್ಥಾನ ಸರಿಯುತ್ತದೆ.

ಈಗ ಒಬ್ಬನು ಪಣವನ್ನು 20ಕ್ಕೆ ಏರಿಸಿದ, ಸಣ್ಣ ಬ್ಲೈಂಡ್‌ನವನು ಆಟ ಬಿಟ್ಟ ಎಂದುಕೊಳ್ಳೋಣ. ನಡುವೆ 35 ಡಾಲರ್ ಇದೆ. ದೊಡ್ಡ ಬ್ಲೈಂಡ್‌ನವನು ಇನ್ನು 10 ಹಾಕಿದರೆ ಸಾಕು. ನೂರಕ್ಕೆ 22 ಸಲ ಗೆದ್ದರೂ ಈ ಹತ್ತು ಡಾಲರ್ ದಂಡವಲ್ಲ. ಅದೇ ಎಲೆ ಸಣ್ಣ ಬ್ಲೈಂಡ್‌ನವನ ಕೈಯಲ್ಲಿದ್ದರೆ 35ಕ್ಕಾಗಿ 15 ಹಾಕಬೇಕು. ಗೆಲುವು ನೂರಕ್ಕೆ 30 ಸಲ ಬೇಕು. ಜೊತೆಗೆ ಅವನ ಹಿಂದೆ ಇನ್ನೊಬ್ಬ ಮಾತಾಡಲಿಕ್ಕಿದ್ದಾನೆ. ಎಲೆ ಒಂದೇ, ಕೂತ ಜಾಗ ಬೇರೆ, ಬೆಲೆಯೂ ಬೇರೆ.

ಕಣ್ಣಿಗೆ ಚೆಂದ ಕಾಣುವ ಎಲೆಯೇ ಇಲ್ಲಿ ಮೋಸ ಮಾಡುವುದುಂಟು. ಎದುರಾಳಿಯ ಬಳಿ ಎಕ್ಕ–ರಾಜ ಇದ್ದಾಗ ಒಂದೇ ರಂಗಿನ ಏಳು–ಆರು ಹಿಡಿದವನು ಹತ್ತರಲ್ಲಿ ಸುಮಾರು ನಾಲ್ಕು ಸಲ ಗೆಲ್ಲುತ್ತಾನೆ. ಎಕ್ಕ–ಏಳು ಹಿಡಿದವನ ಪಾಲು ಹೆಚ್ಚುಕಡಿಮೆ ನಾಲ್ಕರಲ್ಲೊಂದು. ನಡುವೆ ಎಕ್ಕ ಬಿದ್ದರೆ ಇಬ್ಬರಿಗೂ ಬಿದ್ದಂತೆ. ಆಗ ರಾಜನ ಮುಂದೆ ಏಳರ ಬೇಳೆ ಬೇಯುವುದಿಲ್ಲ. ಮೇಲಾಗಿ ಬ್ಲೈಂಡ್‌ನವನು ಮುಂದಿನ ಹಂತಗಳಲ್ಲಿ ಎಲ್ಲರಿಗಿಂತ ಮೊದಲು ಮಾತಾಡಬೇಕು. ಎದುರಾಳಿಯ ನಡೆ ಕಾಣದೆ ಆಡುವುದಕ್ಕೂ ಒಂದು ತೆರಿಗೆ ಇದೆ.

ಈ ಲೆಕ್ಕ ಜನಸಾಮಾನ್ಯರನ್ನು ಮುಟ್ಟಿದ್ದು ಒಂದು ಕೋರ್ಟು ತೀರ್ಪಿನ ನಂತರ. ಕ್ಯಾಲಿಫೋರ್ನಿಯಾದಲ್ಲಿ 1885ರ ಕಾಯ್ದೆ ‘ಸ್ಟಡ್–ಹಾರ್ಸ್’ ಎಂಬ ಪೋಕರನ್ನು ನಿಷೇಧಿಸಿತ್ತು. ಹೋಲ್ಡೆಮ್ ಅದಲ್ಲ ಎಂದು 1987ರಲ್ಲಿ ತೀರ್ಮಾನವಾದ ಮೇಲೆ ಅಲ್ಲಿನ ಇಸ್ಪೀಟು ಕ್ಲಬ್ಬುಗಳಲ್ಲಿ ಲಿಮಿಟ್ ಹೋಲ್ಡೆಮ್ ಹರಡಿತು. ಅದೇ ವರ್ಷ ಡೇವಿಡ್ ಸ್ಕ್ಲಾನ್ಸ್ಕಿ ತಮ್ಮ ‘ದಿ ಥಿಯರಿ ಆಫ್ ಪೋಕರ್’ ಪುಸ್ತಕದಲ್ಲಿ, ಒಮ್ಮೆ ಇಟ್ಟ ಹಣ ಇಟ್ಟವನದಲ್ಲ, ಅದು ನಡುವಿನ ರಾಶಿಗೆ ಸೇರಿದ್ದು ಎಂದು ತಿಳಿಹೇಳಿದರು. ‘ನನ್ನ ಹತ್ತು ಡಾಲರ್ ಬಿಟ್ಟುಕೊಡಲೇ?’ ಎಂಬ ಛಲಕ್ಕೆ ಬಿದ್ದು ಇನ್ನೂ ಐವತ್ತು ಕಳೆದುಕೊಳ್ಳುವವನಿಗೆ ಇದು ಒಳ್ಳೆಯ ಔಷಧ. ಆದರೆ ಔಷಧವೂ ಅತಿಯಾಗಬಹುದು. ಬ್ಲೈಂಡ್‌ನಲ್ಲಿ ಕೂತಾಗ ಬಿಗಿಹಿಡಿದು ಆಡುವುದೇ ವಿವೇಕ ಎಂದು ಎಷ್ಟೋ ಮಂದಿ ನಂಬಿದರು.

ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು. ಅವರ ‘ಪೊಲಾರಿಸ್’ ಕಂಪ್ಯೂಟರ್ 2007ರಲ್ಲಿ ವೃತ್ತಿಪರ ಆಟಗಾರರಿಗೆ ಸೋತು, 2008ರಲ್ಲಿ ಗೆದ್ದಿತು. 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರು, ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಬಹುತೇಕ ಸಂಪೂರ್ಣವಾಗಿ ಬಿಡಿಸಲ್ಪಟ್ಟಿದೆ ಎಂದು ಪ್ರಕಟಿಸಿದರು. ಅವರ ‘ಸೀಫಿಯಸ್’ 4,800 ಸಂಸ್ಕಾರಕಗಳ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ತನ್ನೊಡನೆ ತಾನೇ ಆಡಿ, ಪ್ರತಿ ನಡೆಯ ನಂತರ ‘ಬೇರೆ ರೀತಿ ಆಡಿದ್ದರೆ ಎಷ್ಟು ಉಳಿಯುತ್ತಿತ್ತು’ ಎಂದು ಲೆಕ್ಕ ಹಾಕುತ್ತ ಕಲಿತಿತ್ತು.

ಉತ್ತರ ಕುತೂಹಲದ್ದು. ದೊಡ್ಡ ಬ್ಲೈಂಡ್‌ನಲ್ಲಿ ಕೂತವನು ಎಷ್ಟು ಚೆನ್ನಾಗಿ ಆಡಿದರೂ ಸರಾಸರಿಯಲ್ಲಿ ಸೋಲುತ್ತಾನೆ: ಹತ್ತು ಡಾಲರ್ ಬ್ಲೈಂಡ್‌ಗೆ ಪ್ರತಿ ಆಟಕ್ಕೆ ಸುಮಾರು 88 ಸೆಂಟ್. ಆದರೂ ಯಂತ್ರ ಆ ಜಾಗದಿಂದ ಬಹುತೇಕ ಮನುಷ್ಯರಿಗಿಂತ ಹೆಚ್ಚು ಬಗೆಯ ಎಲೆಗಳನ್ನು ಆಡುತ್ತದೆ. ಅಷ್ಟು ಸುಲಭವಾಗಿ ಎಲೆ ಕೆಳಗಿಡುವುದಿಲ್ಲ. ಅದು ಆಡುವುದು ಲಾಭಕ್ಕಲ್ಲ, ಹತ್ತು ಡಾಲರ್ ನಷ್ಟವನ್ನು ಒಂದು ಡಾಲರ್‌ನೊಳಗೆ ಇಳಿಸಲು. ಇದು ಇಬ್ಬರ ಆಟದ ಮಾತು. ಎಂಟು–ಹತ್ತು ಜನರ ಮೇಜಿಗೆ ಇದನ್ನು ನೇರವಾಗಿ ಹೊಂದಿಸಲಾಗದು.

ಹೀಗೆ ಛಲಗಾರನೂ ತಪ್ಪಿದ್ದ, ಅತಿ ಎಚ್ಚರದವನೂ ತಪ್ಪಿದ್ದ. ಇಟ್ಟ ಹಣ ನಮ್ಮದಲ್ಲ ಎಂಬುದು ನಿಜ. ಆದರೆ ಆ ಹಣದಿಂದಾಗಿ ಮುಂದಿನ ಹೆಜ್ಜೆ ನಮಗೆ ಅಗ್ಗವಾಗಿದೆ ಎಂಬುದೂ ಅಷ್ಟೇ ನಿಜ. ಅರ್ಧ ಕಟ್ಟಿದ ಮನೆ, ಅರ್ಧ ಓದಿದ ಕೋರ್ಸು, ಅರ್ಧಕ್ಕೆ ನಿಂತ ಸರ್ಕಾರಿ ಕಾಲುವೆ – ಎಲ್ಲಕ್ಕೂ ಇದೇ ಲೆಕ್ಕ. ಕೇಳಬೇಕಾದದ್ದು ಇಷ್ಟರವರೆಗೆ ಎಷ್ಟು ಸುರಿದೆವು ಎಂದಲ್ಲ. ಇನ್ನೆಷ್ಟು ಹಾಕಬೇಕು, ಅದಕ್ಕೆ ಎಷ್ಟು ಬಂದೀತು ಎಂದು.