ಜಾನ್ಸ್ ದ್ವೀಪದ ಅಕ್ಷರದೀಪ

ಮಹನೀಯರನ್ನು ಸ್ಮರಿಸಲು ಎರಡು ಮಾರ್ಗಗಳಿವೆ. ಅವರ ಭಾವಚಿತ್ರಕ್ಕೆ ಹಾರ ಹಾಕಿ, ಭಾಷಣ ಮಾಡಿ ಮನೆಗೆ ಮರಳುವುದು ಒಂದು. ಅವರು ಕೈಗೊಂಡಿದ್ದ ಕಾರ್ಯವನ್ನು ಅಲ್ಪಪ್ರಮಾಣದಲ್ಲಾದರೂ ಮುಂದುವರಿಸುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ನಮ್ಮಿಂದ ಏನನ್ನಾದರೂ ಬೇಡುತ್ತದೆ. ಅಮೆರಿಕೆಯ ನಾಗರಿಕ ಹಕ್ಕುಗಳ ನಾಯಕ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆ ಮೊದಲನೆಯ ಮಾರ್ಗದಿಂದ ಎರಡನೆಯದರ ಕಡೆಗೆ ಸಾಗಿಬಂದ ಇತಿಹಾಸ ವಿಚಾರಾರ್ಹವಾಗಿದೆ.

ಅಹಿಂಸೆಯನ್ನು ಹೋರಾಟದ ಮಾರ್ಗವಾಗಿ ಸ್ವೀಕರಿಸಿ, ಗಾಂಧೀಜಿಯವರ ನಾಡನ್ನು ನೋಡಲೆಂದು 1959ರಲ್ಲಿ ಭಾರತಕ್ಕೂ ಬಂದಿದ್ದ ಕಿಂಗ್ ಅವರು 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ ಕೇವಲ 39 ವರ್ಷ. ಅವರ ಜನ್ಮದಿನವನ್ನು ರಾಷ್ಟ್ರೀಯ ರಜಾದಿನವಾಗಿಸುವ ಶಾಸನಕ್ಕೆ ಅಂಕಿತ ಬಿದ್ದುದು 1983ರಲ್ಲಿ; ಮೊದಲ ಆಚರಣೆ ನಡೆದುದು 1986ರ ಜನವರಿಯಲ್ಲಿ. ಆದರೆ ದುಡಿಮೆಯೇ ಬದುಕಾಗಿದ್ದ ವ್ಯಕ್ತಿಯನ್ನು ದುಡಿಯದೆ ಗೌರವಿಸುವುದು ಹೇಗೆ ಎಂಬ ಪ್ರಶ್ನೆ ಉಳಿದೇ ಇತ್ತು. ಕಿಂಗ್ ಅವರ ಒಡನಾಡಿ ಜಾನ್ ಲೂಯಿಸ್ ಹಾಗೂ ಸೆನೆಟರ್ ಹ್ಯಾರಿಸ್ ವಾಫರ್ಡ್ ಅವರ ಪ್ರಯತ್ನದಿಂದ 1994ರಲ್ಲಿ ಇನ್ನೊಂದು ಶಾಸನ ಬಂದು, ಆ ದಿನವು ಸೇವಾದಿನವೂ ಆಯಿತು. ಅಂದು ಶಾಲೆಗಳಿಗೆ ಸುಣ್ಣಬಣ್ಣ ಬಳಿಯುವವರು, ಹಸಿದವರಿಗೆ ಅನ್ನ ನೀಡುವವರು, ಮಕ್ಕಳಿಗೆ ಪಾಠ ಹೇಳುವವರು ಆ ದೇಶದ ಊರೂರಿನಲ್ಲಿಯೂ ಕಾಣುತ್ತಾರೆ.

ಸೇವೆಯೂ ಶಿಕ್ಷಣವೂ ಕಿಂಗ್ ಅವರ ಸ್ಮರಣೆಗೆ ಹೊರಗಿನಿಂದ ತಂದು ಜೋಡಿಸಿದ ಅಲಂಕಾರಗಳಲ್ಲ. ಅವರ ಚಳವಳಿಯ ಬೇರುಗಳೇ ಅಲ್ಲಿದ್ದವು. ಇದನ್ನು ತಿಳಿಯಲು ದಕ್ಷಿಣ ಕ್ಯಾರೊಲಿನಾ ರಾಜ್ಯದ ಜಾನ್ಸ್ ದ್ವೀಪಕ್ಕೆ ಹೋಗಬೇಕು.

1916ರಲ್ಲಿ ಸೆಪ್ಟಿಮಾ ಕ್ಲಾರ್ಕ್ ಎಂಬ ಹದಿನೆಂಟರ ತರುಣಿ ಆ ದ್ವೀಪದ ಕಪ್ಪು ಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದರು. 132 ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು. ಸೆಪ್ಟಿಮಾ ಅವರ ಸಂಬಳ ತಿಂಗಳಿಗೆ 35 ಡಾಲರ್. ಸಮೀಪದಲ್ಲಿಯೇ ಇದ್ದ ಬಿಳಿಯರ ಶಾಲೆಯಲ್ಲಿ ಮೂವರು ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿಗೆ 85 ಡಾಲರ್. ಅನ್ಯಾಯವನ್ನು ಅವರು ಗ್ರಂಥಗಳಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ನಲವತ್ತು ವರ್ಷಗಳ ಸೇವೆಯ ನಂತರ, 1956ರಲ್ಲಿ, ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಘದ ಸದಸ್ಯತ್ವವನ್ನು ಬಿಡಲೊಪ್ಪದೆ ಕೆಲಸವನ್ನೂ ನಿವೃತ್ತಿವೇತನವನ್ನೂ ಕಳೆದುಕೊಂಡರು.

ಆ ಕಾಲದಲ್ಲಿ ಅಲ್ಲಿ ಮತದಾರರ ಪಟ್ಟಿಗೆ ಸೇರಬಯಸುವವರು ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಓದಲು ಕಲಿಸದೆ ಇಟ್ಟವರೇ ಓದು ಬಾರದೆಂಬ ಕಾರಣ ಹೇಳಿ ಹಕ್ಕನ್ನು ನಿರಾಕರಿಸುತ್ತಿದ್ದರು. ದ್ವೀಪದಿಂದ ಚಾರ್ಲ್‌ಸ್ಟನ್ ನಗರಕ್ಕೆ ಕೆಲಸಗಾರರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ ಇಸಾ ಜೆಂಕಿನ್ಸ್ ಎಂಬವರು ಪ್ರಯಾಣದ ಹೊತ್ತಿನಲ್ಲಿಯೇ ಆ ಭಾಗಗಳನ್ನು ಹೇಳಿಕೊಡುತ್ತಿದ್ದರು. ಆದರೆ ಬಾಯಿಪಾಠ ಸಾಲದು, ನಿಜವಾಗಿ ಓದಲು ಕಲಿಯಬೇಕು ಎಂಬ ಬಯಕೆ ಜನರಲ್ಲಿ ಮೂಡಿತು. ಟೆನೆಸಿ ರಾಜ್ಯದ ಹೈಲ್ಯಾಂಡರ್ ಜಾನಪದ ಶಾಲೆಯ ನೆರವು ದೊರೆಯಿತು. 1957ರ ಜನವರಿಯಲ್ಲಿ, ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, 14 ಮಂದಿ ವಯಸ್ಕರೊಂದಿಗೆ ಮೊದಲ ಪೌರತ್ವ ಶಾಲೆ ಆರಂಭವಾಯಿತು. ಮುಂಭಾಗದಲ್ಲಿ ಅಂಗಡಿ ಇದ್ದುದರಿಂದ ಬಿಳಿಯರಿಗೆ ಸಂಶಯ ಬರುತ್ತಿರಲಿಲ್ಲ.

ಶಿಕ್ಷಕಿಯಾಗಿ ಆಯ್ಕೆಯಾದವರು ಸೆಪ್ಟಿಮಾ ಅವರ ಬಂಧು ಬರ್ನಿಸ್ ರಾಬಿನ್ಸನ್. ಅವರು ಕೇಶಾಲಂಕಾರ ಮಾಡಿ ಬದುಕುತ್ತಿದ್ದ ಮಹಿಳೆ. ಪಾಠ ಹೇಳಿದವರೇ ಅಲ್ಲ. ಈ ಆಯ್ಕೆಯಲ್ಲಿ ವಿವೇಕವಿತ್ತು. ಕಪ್ಪು ಜನರಿಂದಲೇ ಅವರ ಸಂಪಾದನೆ ಸಾಗುತ್ತಿದ್ದುದರಿಂದ ಯಾವ ಬಿಳಿಯ ಮಾಲೀಕನೂ ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಮೇಲಾಗಿ, ಕಲಿಯಬಂದ ದೊಡ್ಡವರನ್ನು ಅವರು ಮಕ್ಕಳಂತೆ ಕಾಣಲಿಲ್ಲ. ತಮಗೇನು ಬೇಕೆಂದು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ತುಂಬಬೇಕು ಎಂದರು ಅವರು. ಪಾಠ ಅಲ್ಲಿಂದಲೇ ಮೊದಲಾಯಿತು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ತೂಗುಹಾಕಿ, ಶಾಲೆ ಮುಗಿಯುವ ವೇಳೆಗೆ ಅದನ್ನು ಎಲ್ಲರೂ ಓದುವಂತಾಗಬೇಕೆಂಬ ಗುರಿಯನ್ನು ಅವರು ಮುಂದಿಟ್ಟರು.

ಒಂದು ಕೋಣೆಯಲ್ಲಿ ಹಚ್ಚಿದ ಈ ದೀಪ ನೆರೆಯ ದ್ವೀಪಗಳಿಗೆ ಹಬ್ಬಿತು. ಹೈಲ್ಯಾಂಡರ್ ಶಾಲೆಯನ್ನು ಟೆನೆಸಿಯ ಅಧಿಕಾರಿಗಳು ಮುಚ್ಚಿಸಲು ಹೊರಟಾಗ, 1961ರಲ್ಲಿ, ಕಿಂಗ್ ಅವರ ಸಂಘಟನೆ ಈ ಕಾರ್ಯವನ್ನು ವಹಿಸಿಕೊಂಡಿತು. ಸೆಪ್ಟಿಮಾ ಕ್ಲಾರ್ಕ್, ಡೊರೊತಿ ಕಾಟನ್ ಮತ್ತು ಆಂಡ್ರ್ಯೂ ಯಂಗ್ ಅವರು ದಕ್ಷಿಣದ ಹಳ್ಳಿಗಳಿಂದ ಬಂದ ಸಾಮಾನ್ಯ ಜನರನ್ನು ಶಿಕ್ಷಕರನ್ನಾಗಿ ಸಿದ್ಧಗೊಳಿಸಿದರು. ಹೀಗೆ ಸಾವಿರಾರು ಶಿಕ್ಷಕರು ಹೊರಟರು. ಅವರು ಹೊತ್ತ ಅಪಾಯ ಅಲ್ಪವಲ್ಲ. 1963ರಲ್ಲಿ ಇಂತಹ ತರಬೇತಿ ಮುಗಿಸಿ ಮರಳುತ್ತಿದ್ದ ಫ್ಯಾನಿ ಲೂ ಹೇಮರ್ ಅವರನ್ನು ಮಿಸಿಸಿಪಿಯ ವಿನೋನಾ ಊರಿನ ಸೆರೆಮನೆಯಲ್ಲಿ ಅಮಾನುಷವಾಗಿ ಹೊಡೆಯಲಾಯಿತು; ಆದರೂ ಅವರು ಹಿಂಜರಿಯಲಿಲ್ಲ. 1965ರ ಮತದಾನ ಹಕ್ಕುಗಳ ಶಾಸನ ಬಂದಾಗ ಅದನ್ನು ಬಳಸಬಲ್ಲ ಜನರನ್ನು ಈ ಶಾಲೆಗಳು ಮೊದಲೇ ಸಿದ್ಧಪಡಿಸಿದ್ದವು.

ಕಿಂಗ್ ಅವರು ಸೆಪ್ಟಿಮಾ ಅವರ ಮಹತ್ವವನ್ನು ಅರಿತಿದ್ದರು. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ಆಸ್ಲೋ ನಗರಕ್ಕೆ ಹೋದಾಗ ಆಕೆಯನ್ನೂ ಕರೆದೊಯ್ದರು. ಆದರೂ ಒಂದು ಪ್ರಸಂಗವನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರವಾದೀತು. ಎಲ್ಲ ಮೆರವಣಿಗೆಗಳನ್ನೂ ತಾವೇ ಮುನ್ನಡೆಸದೆ ಆಯಾ ಊರಿನಲ್ಲಿ ನಾಯಕರನ್ನು ಬೆಳೆಸಬೇಕೆಂದು ಸೆಪ್ಟಿಮಾ ಕಿಂಗ್ ಅವರಿಗೆ ಪತ್ರ ಬರೆದಿದ್ದರು. ಕಿಂಗ್ ಅದನ್ನು ಸಹೋದ್ಯೋಗಿಗಳ ಮುಂದೆ ಓದಿದಾಗ ಅವರು ನಕ್ಕರೆಂದು ಆಕೆಯೇ ನೆನಪಿಸಿಕೊಂಡಿದ್ದಾರೆ. ನಾಯಕರ ಸ್ಮರಣೆಯಲ್ಲಿ ಅವರ ಮಿತಿಗಳ ಅರಿವೂ ಸೇರಿರಬೇಕು. ನಗೆಗೆ ಗುರಿಯಾದ ಆ ಸಲಹೆಯೇ ಇಂದು ಸೇವಾದಿನದ ತಿರುಳಾಗಿದೆ: ಒಬ್ಬ ಮಹಾನಾಯಕನಿಗಾಗಿ ಕಾಯದೆ, ತಮ್ಮ ಊರಿನ ಕೆಲಸವನ್ನು ತಾವೇ ಮಾಡುವುದು.

ಸೆಪ್ಟಿಮಾ ಅವರ ನಿವೃತ್ತಿವೇತನ 1976ರಲ್ಲಿ ಮರಳಿ ದೊರೆಯಿತು. ಅದಕ್ಕೂ ಮುನ್ನ, ತಮ್ಮನ್ನು ಹೊರಹಾಕಿದ್ದ ಚಾರ್ಲ್‌ಸ್ಟನ್ನಿನ ಶಾಲಾ ಮಂಡಳಿಗೇ ಅವರು ಚುನಾಯಿತರಾದರು. 1987ರಲ್ಲಿ ಅವರು ಕಣ್ಮುಚ್ಚಿದುದು ಅದೇ ಜಾನ್ಸ್ ದ್ವೀಪದಲ್ಲಿ. ಕಿಂಗ್ ದಿನವನ್ನು ತನ್ನ ಎಲ್ಲ ನೌಕರರಿಗೂ ರಜಾದಿನವಾಗಿ ಒಪ್ಪಿಕೊಂಡ ಕೊನೆಯ ರಾಜ್ಯವೂ ದಕ್ಷಿಣ ಕ್ಯಾರೊಲಿನಾವೇ, ಅದು 2000ದಲ್ಲಿ. ಸರ್ಕಾರ ಸ್ಮರಣೆಗೆ ಒಪ್ಪುವುದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷಗಳ ಮೊದಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಆರಂಭವಾಗಿತ್ತು.

ನಮ್ಮ ಹಿರಿಯರು ದಾನಗಳನ್ನು ಎಣಿಸುವಾಗ ಆಹಾರ, ಔಷಧಗಳೊಂದಿಗೆ ಶಾಸ್ತ್ರ ಮತ್ತು ಅಭಯಗಳನ್ನೂ ಹೇಳಿದ್ದಾರೆ. ಜಾನ್ಸ್ ದ್ವೀಪದ ಶಾಲೆಯಲ್ಲಿ ಈ ಕೊನೆಯ ಎರಡೂ ಒಂದೇ ಆಗಿದ್ದವು. ತನ್ನ ಹೆಸರನ್ನು ತಾನೇ ಬರೆಯಲು ಕಲಿತ ಕೈ, ಅಧಿಕಾರಿಯ ಮೇಜಿನ ಮುಂದೆ ನಡುಗುವುದನ್ನೂ ನಿಲ್ಲಿಸಿತು. ವರ್ಷಕ್ಕೊಂದು ದಿನ ಸೇವೆ ಮಾಡಿ ತೃಪ್ತರಾಗುವವರಿಗೆ ಈ ಇತಿಹಾಸ ಮೆಲ್ಲನೆ ಒಂದು ಪ್ರಶ್ನೆ ಕೇಳುತ್ತದೆ. ನಮ್ಮ ನೆರೆಯಲ್ಲಿ ಇಂದಿಗೂ ಅರ್ಜಿಯೊಂದನ್ನು ಓದಲಾಗದೆ ಹೆಬ್ಬೆಟ್ಟು ಒತ್ತುವವರು ಯಾರಿದ್ದಾರೆ? ಅವರ ಬಳಿ ಕುಳಿತು, ಅವರಿಗೆ ಬೇಕಾದುದೇನೆಂದು ಮೊದಲು ಕೇಳುವ ವ್ಯವಧಾನ ನಮಗಿದೆಯೇ?