ಗುಜರಿ ಟ್ರಾಮಿನ ಹೋಟೆಲು

ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲೇ ತಲೆ ನರೆತವನು ನಾನು. ಹಳೇ ಬಸ್ಸಿನಲ್ಲಿ ಕೆಫೆ ಮಾಡುತ್ತೇವೆಂದು ಬರುವ ಹುಡುಗರು ಮೊದಲು ಕೇಳುವುದು ಬಸ್ಸಿನ ರೇಟು. ಖರ್ಚಿರುವುದು ಒಳಗಡೆ ಕಣ್ರಪ್ಪ ಅಂದರೆ ನಂಬುವುದಿಲ್ಲ. ಅಮೆರಿಕದವರೂ ನಂಬಿರಲಿಲ್ಲ.

1872ರಲ್ಲಿ ರೋಡ್ ಐಲೆಂಡಿನ ಪ್ರಾವಿಡೆನ್ಸ್ ಊರಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಪತ್ರಿಕಾ ಕಚೇರಿ ಎದುರು ಕುದುರೆಗಾಡಿ ನಿಲ್ಲಿಸಿ, ರಾತ್ರಿಪಾಳಿಯವರಿಗೆ ಕಾಫಿ, ಬೇಯಿಸಿದ ಮೊಟ್ಟೆ, ಸ್ಯಾಂಡ್‌ವಿಚ್ ಮಾರತೊಡಗಿದ. ಆ ಹೊತ್ತಿಗೆ ಊರಿನ ಹೋಟೆಲುಗಳೆಲ್ಲ ಬಾಗಿಲು ಹಾಕಿರುತ್ತಿದ್ದವು. ತಾನು ಒಳಗೆ ಪೆಟ್ಟಿಗೆ ಮೇಲೆ ಕೂತು ಕಿಟಕಿಯಿಂದ ಕೊಡುತ್ತಿದ್ದ. ಗಿರಾಕಿ ಮಳೆಯಲ್ಲೇ ನಿಂತು ತಿನ್ನಬೇಕು. ಹಲಗೆ ಮೇಲೆ ಉಳಿದ ಚೂರುಪಾರನ್ನೂ ಕೊಚ್ಚಿ, ಬ್ರೆಡ್ಡಿನ ನಡುವೆ ಇಟ್ಟು ಕಾಸು ಮಾಡಿಕೊಂಡನಂತೆ. ಭಲೇ ಆಸಾಮಿ! 1887ರಲ್ಲಿ ವೂಸ್ಟರಿನ ಸ್ಯಾಮ್ಯುಯಲ್ ಜೋನ್ಸ್ ಗಿರಾಕಿಯೂ ಒಳಗೆ ಬರುವಂಥ ಗಾಡಿ ಇಳಿಸಿದ.

ಅಷ್ಟರಲ್ಲಿ ವಿದ್ಯುತ್ ಟ್ರಾಮ್ ಬಂತು. ಕುದುರೆ ಎಳೆಯುತ್ತಿದ್ದ ಟ್ರಾಮ್‌ಗಳು ಗುಜರಿಗೆ ಬಿದ್ದು ಚಿಲ್ಲರೆ ದುಡ್ಡಿಗೆ ಸಿಗತೊಡಗಿದವು. ಕಂಡಕಂಡವರೆಲ್ಲ ಕೊಂಡು ಒಲೆ ಹೂಡಿದರು. ಆದರೆ ಟ್ರಾಮ್ ಬಾಡಿ ಕಟ್ಟಿದ್ದು ಜನ ಹತ್ತಿ ಇಳಿಯಲಿಕ್ಕೆ. ಸೋತ ಮರದ ಚೌಕಟ್ಟಿಗೆ ದಿನವಿಡೀ ಹಬೆ ಬಡಿದರೆ ಕೀಲುಗಳು ಉಬ್ಬುತ್ತವೆ, ಜಿಡ್ಡು ಸಂದಿಗಿಳಿಯುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಮುರುಕಲು ಟ್ರಾಮ್‌ಗಳಿಂದ ಇಡೀ ಕಸುಬಿಗೇ ಕೆಟ್ಟ ಹೆಸರು ಬಂತು. ಹಗಲಲ್ಲಿ ರಸ್ತೆ ಖಾಲಿ ಮಾಡಿ ಎಂದು ನಗರಾಡಳಿತಗಳೂ ಪಟ್ಟು ಹಿಡಿದವು. ಮಾಲೀಕರು ಸಣ್ಣ ನಿವೇಶನ ಹಿಡಿದು, ಗಾಡಿಯನ್ನು ಅಲ್ಲೇ ಖಾಯಂ ನಿಲ್ಲಿಸಿದರು. ಅಡುಗೆಗೆಂದೇ ಗಾಡಿ ಕಟ್ಟುವವರಿಗೆ ಕೆಲಸ ಹೆಚ್ಚಿತು. 1906ರಲ್ಲಿ ವೂಸ್ಟರ್ ಲಂಚ್ ಕಾರ್ ಕಂಪನಿ ಶುರುವಾಯಿತು. ಡೈನರ್ ಎಂಬ ಇವತ್ತಿನ ಅಮೆರಿಕನ್ ಹೋಟೆಲು ಈ ವಂಶದ್ದು.

ಮಗಳ ಮನೆಗೆ ಹೋದಾಗ ಅಮೆರಿಕದ ಡಿಯರ್‌ಬಾರ್ನಿನ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ವಸ್ತುಸಂಗ್ರಹಾಲಯದಲ್ಲಿ 'ಔಲ್ ನೈಟ್ ಲಂಚ್ ವ್ಯಾಗನ್' ನೋಡಿದೆ. ಎಡಿಸನ್ ಕಂಪನಿಯಲ್ಲಿ ಎಂಜಿನಿಯರಾಗಿದ್ದಾಗ ಹೆನ್ರಿ ಫೋರ್ಡ್ ಅದರಲ್ಲೇ ತಿನ್ನುತ್ತಿದ್ದ. 1927ರಲ್ಲಿ ಕೊಂಡು ತಂದಿಟ್ಟ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಬಗ್ಗಿ ಅಚ್ಚು ನೋಡುತ್ತಿದ್ದೆ. ಚಟ ಬಿಡಬೇಕಲ್ಲ.

ಹುಡುಗರಿಗೆ ನಾನು ಹೇಳುವುದಿಷ್ಟು: ಎಂಜಿನ್ ಸದ್ದು ಆಮೇಲೆ ಕೇಳಿ, ಮೊದಲು ಮ್ಯಾಟ್ ಎಬ್ಬಿಸಿ ನೆಲ ನೋಡಿ. ತುಕ್ಕು ಹಿಡಿದ ಅಡ್ಡಪಟ್ಟಿ ಬದಲಿಸದೆ ಒಲೆ ಇಡಬೇಡಿ. 200 ಲೀಟರ್ ಟ್ಯಾಂಕ್ ತುಂಬಿದರೆ ನೀರೇ 200 ಕೆಜಿ, ಅದನ್ನು ಒಂದೇ ಮಗ್ಗುಲಿಗೆ ಹೇರಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿಯುತ್ತದೆ. ಕಿಟಕಿ ಎಷ್ಟಿದ್ದರೂ ಕೆಳಗೊಂದು ಕಿಂಡಿ ಬೇಕು. ಪೇಂಟು ಕೊನೆಗೆ.