ಹೊಟ್ಟು, ಕೆಸರು, ಕಾರ್ಬನ್ ನಾರು

ಮೊನ್ನೆ ಭಾಲ್ಕಿಯಲ್ಲಿ ನಮ್ಮ ಹಳೇ ಮಣ್ಣಿನ ಮನೆಯ ಒಂದು ಗೋಡೆ ಕೆಡವಿದರು. ಒಳಗೆಲ್ಲಾ ಹೊಟ್ಟು! ಔರಾದ್ ಕಡೆಯ ಹಳೇ ಮನೆಗಳಲ್ಲೂ ಇದೇ. ಬರೀ ಮಣ್ಣು ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಹೊಟ್ಟಿನ ನಾರು ಆ ಬಿರುಕು ಹರಡದಂತೆ ಹಿಡಿಯುತ್ತೆ. ಅದಕ್ಕೇ ಹೊಟ್ಟು ಬೆರೆಸಿ, ದಿನಗಟ್ಟಲೆ ಕೊಳೆಹಾಕಿ, ಕಾಲಲ್ಲಿ ತುಳಿಯುತ್ತಿದ್ದರು. ತುಳಿತ ಕಡಿಮೆಯಾದರೆ ಗಂಟು ಉಳಿದು ಗಿಲಾವು ಉದುರುತ್ತೆ.

ಅಷ್ಟರಲ್ಲಿ ಬೀದರ್ ವಾಯುನೆಲೆಯ ವಿಮಾನವೊಂದು ತಲೆ ಮೇಲೆ ಹೋಯ್ತು. ಆಗ ಹೊಳೆದದ್ದು ಇದು: ವಿಮಾನದ ಕಾಂಪೋಸಿಟ್ ಹಲಗೆಯದೂ ಇದೇ ಕಥೆ ಅಲ್ವಾ? ಮಣ್ಣಿನ ಬದಲು ಎಪಾಕ್ಸಿ ರಾಳ, ಹೊಟ್ಟಿನ ಬದಲು ಗಾಜು ಅಥವಾ ಕಾರ್ಬನ್ ನಾರು. ಬೆಂಗಳೂರಿನ ಎನ್‌ಎಎಲ್‌ನ ಹಂಸ ಹೀಗೇ ತಯಾರಾಗಿ 1993ರಲ್ಲಿ ಹಾರಿತು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ನ ಚೌಕಟ್ಟಿನ ತೂಕದಲ್ಲಿ ಸುಮಾರು 45% ಕಾಂಪೋಸಿಟ್.

ಇಲ್ಲೂ ಶತ್ರು ಒಂದೇ, ಒಳಗೆ ಉಳಿದ ಗಾಳಿಗುಳ್ಳೆ. ಅದಿದ್ದರೆ ಪದರ ಬಿಡುತ್ತೆ. ಹಾಗಾಗಿ ಚೀಲದಲ್ಲಿಟ್ಟು ಗಾಳಿ ಎಳೆದು, ಆಟೋಕ್ಲೇವಿನಲ್ಲಿ ಒತ್ತಿ ಬೇಯಿಸಿ, ಕೊನೆಗೆ ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷೆ ಮಾಡ್ತಾರೆ.

ವ್ಯತ್ಯಾಸ ಏನಪ್ಪಾ ಅಂದ್ರೆ, ಅಲ್ಲಿ ಪ್ರತಿ ಹೆಜ್ಜೆಯೂ ದಾಖಲೆಯಲ್ಲಿದೆ. ನಮ್ಮ ಗೋಡೆಯ ಲೆಕ್ಕ ಇದ್ದದ್ದು ತುಳಿದವರ ಕಾಲಲ್ಲಿ ಮಾತ್ರ. ಎಷ್ಟು ಹೊಟ್ಟು, ಎಷ್ಟು ದಿನ ಅಂತ ಕೇಳೋಣ ಅಂದ್ರೆ ನಮ್ಮನೇಲಿ ಈಗ ಯಾರೂ ಉಳಿದಿಲ್ಲ. ನಿಮ್ಮೂರಲ್ಲಿ ಗೊತ್ತಿರುವವರಿದ್ದರೆ ಕೇಳಿ ಬರೆದಿಡಿ.